ಬೈಯುವ ಮೊದಲಿನ ಉಸಿರು

ನನ್ನನ್ನು ಸಾಕಿದ ಅಕ್ಕ ಬೈಯುವ ಮೊದಲು ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಿದ್ದಳು. ಇಟ್ಟಮಡುವಿನ ನಮ್ಮ ಪುಟ್ಟ ಮನೆಯಲ್ಲಿ ಆ ಸದ್ದು ಕೇಳಿದರೆ ಸಾಕು, ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡುತ್ತಿದ್ದೆ.

ಹೋದ ವರ್ಷ ಅವಳ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಗಡ್ಡೆಯಾಗಿ ಆಪರೇಷನ್ ಮಾಡಿದರು. ಬದುಕಿದಳು. ಆದರೆ ಕೋಪವಿಲ್ಲ, ನಗುವಿಲ್ಲ. ಉಸಿರು ಸದಾ ಒಂದೇ ಸಮ.

ಮತ್ತೆ ತೋರಿಸಲು ಕರೆದೊಯ್ದಾಗ ಡಾಕ್ಟರ್ ಹೇಳಿದರು: "ಅಲ್ಲಿನ ನರಕೋಶಗಳಿಂದ ಕೆಳಗಿನ ಉಸಿರಾಟದ ಕೇಂದ್ರಕ್ಕೆ ಕನೆಕ್ಷನ್ ಇರುತ್ತೆ, ಅಲ್ಲಿಂದ ಎದೆಯ ಸ್ನಾಯುಗಳಿಗೆ. ಕೋಪ ಬಂದ್ರೆ ಉಸಿರು ಜೋರಾಗೋದು ಆ ದಾರೀಲೇ. ಇವರಿಗೆ ಅಲ್ಲೇ ಪೆಟ್ಟಾಗಿದೆ. ಬರೀ ಉಸಿರಾಡೋಕೆ ಕೆಳಗಿನ ಕೇಂದ್ರವೇ ಸಾಕು."

ಬರೀ ಉಸಿರಾಡೋಕೆ ಅಂತೆ. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ಬೆಳಿಗ್ಗೆ ಅಕ್ಕನನ್ನು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಹಾಲು ಉಕ್ಕಿಸಿದವರನ್ನು ಅವಳು ಎಂದೂ ಸುಮ್ಮನೆ ಬಿಟ್ಟವಳಲ್ಲ. ಒಲೆಯ ಮೇಲೆ ಹಾಲಿಟ್ಟು, ಉರಿ ತಗ್ಗಿಸದೆ ಬೇಕೆಂದೇ ನಿಂತೆ. ಹಾಲು ಉಕ್ಕಿತು, ಕಟ್ಟೆಯ ಮೇಲೆಲ್ಲ ಹರಿಯಿತು, ಒಲೆ ಆರಿತು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಅದು ಅದೇ ಒಂದೇ ಸಮನೆ ಏರಿತು, ಇಳಿಯಿತು.

"ಹೋಗ್ಲಿ ಬಿಡು," ಅಂದಳು.

ಗ್ಯಾಸ್ ಆಫ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಓಡಿದೆ.