ಸಾಸಿವೆ ಡಬ್ಬಿಯೊಳಗಿನ ಕೋಟೆ

ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯ ತಳದಲ್ಲಿ ಒಂದು ಚೀಟಿ ಇದೆ. ಅದರಲ್ಲಿ ಹದಿನೇಳು ಅಕ್ಷರಗಳ ಒಂದು ಪಾಸ್‌ವರ್ಡ್. ಊರಿನ ಕುಡಿಯುವ ನೀರಿನ ಪಂಪನ್ನು ನನ್ನ ಮೊಬೈಲಿನಿಂದಲೇ ನಡೆಸುವ ಗುಟ್ಟು ಅದು. ಕಲಘಟಗಿ ಸೀಮೆಯ ನಮ್ಮ ಸಣ್ಣ ಊರಿನವರು ಇತಿಹಾಸದ ಮಾಸ್ತರನಾದ ನನಗೆ ಈ ಹೊಣೆ ವಹಿಸಿದ್ದು ಬುದ್ಧಿವಂತನೆಂದಲ್ಲ, ಹೇಗೂ ಸದಾ ಚಿಂತಿಸುವವನು, ಇದನ್ನೂ ಚಿಂತಿಸಲಿ ಎಂದು.

ಚಿಂತೆಗೆ ಕಾರಣವೂ ಇತ್ತು, ಗೆಳೆಯರೇ. ಈಗ ದೇಶದೇಶಗಳು ಗಡಿ ದಾಟದೆ, ಕುರ್ಚಿ ಬಿಟ್ಟೇಳದೆ, ಪರಸ್ಪರರ ದೀಪ ಆರಿಸುತ್ತವೆ, ನೀರಿನ ಯಂತ್ರಗಳಿಂದ ಸುಳ್ಳು ಹೇಳಿಸುತ್ತವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಆನೆ, ಕುದುರೆ, ಕಹಳೆಗಳಿಲ್ಲವೆಂಬುದೊಂದನ್ನು ಬಿಟ್ಟರೆ ಇದು ನಾನು ತರಗತಿಯಲ್ಲಿ ಹೇಳುವ ಹಳೆಯ ಯುದ್ಧವೇ: ಕೋಟೆಗೋಡೆಗೆ ತಲೆ ಚಚ್ಚಿಕೊಳ್ಳದೆ ಒಳಗಿನ ಬಾವಿ ಹಿಡಿಯುವುದು, ಬರಿದನ್ನು ತುಂಬಿದಂತೆ ತೋರಿಸುವುದು. ಸಾಮ, ದಾನ, ಭೇದಗಳೆಲ್ಲ ತಂತಿಯಲ್ಲೇ ಹರಿಯುವಾಗ ದಂಡಕ್ಕೆ ದಂಡು ಏಕೆ ಬೇಕು? ನಮ್ಮೂರಿನ ಮೇಲೆ ಯಾವ ಚಕ್ರವರ್ತಿಯ ಕಣ್ಣು ಬಿದ್ದೀತು ಎಂದು ಹೆಂಡತಿ ಶಾಂತಾ ನಕ್ಕಳು. ಸಾಸಿವೆಯಷ್ಟು ಊರಿಗೂ ನೀರು ಬೇಕಲ್ಲ ಎಂದುಕೊಂಡು ನಾನು ಚೀಟಿಯನ್ನು ಇನ್ನಷ್ಟು ತಳಕ್ಕೆ ತಳ್ಳಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನಲ್ಲಿಯಲ್ಲಿ ಹನಿ ನೀರಿಲ್ಲ. ಮೊಬೈಲು ಮಾತ್ರ ಟ್ಯಾಂಕು ಭರ್ತಿ ಎನ್ನುತ್ತಿತ್ತು. ಬರಿದನ್ನು ತುಂಬಿದಂತೆ ತೋರಿಸುವ ಅದೇ ತಂತ್ರ! ಬೆವರುತ್ತ ಪಂಪು ಚಾಲೂ ಮಾಡುವ ಗುಂಡಿ ಒತ್ತಿದೆ. ಟ್ಯಾಂಕು ತುಂಬಿದೆ, ಪಂಪು ಶುರುವಾಗದು ಎಂದಿತು. ಮತ್ತೊಮ್ಮೆ ಒತ್ತಿದೆ, ಅದೇ ಉತ್ತರ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿ ಟ್ಯಾಂಕಿನತ್ತ ಓಡಿದೆ.

ಊರಿಗೆ ಬಹಳ ವರ್ಷಗಳಿಂದ ನೀರು ಬಿಡುವ ಹುಸೇನಸಾಬ್ ಕಾಕಾ ಟ್ಯಾಂಕಿನ ಬಾಯಿಂದ ತಲೆ ಹೊರಹಾಕಿದರು. ಕೈಯಲ್ಲಿ ಕಸಬರಿಗೆ.

"ಬರ್ರಿ ಮಾಸ್ತರ, ಏಣಿ ಅಳ್ಳಾಡಾಕತ್ತೈತಿ, ಸ್ವಲ್ಪ ಹಿಡೀರಿ."

"ಕಾಕಾ, ನೀರು ಯಾರು ಬಂದ್ ಮಾಡ್ಯಾರ?"

"ನಾನ ರೀ. ಟ್ಯಾಂಕ್ ತೊಳ್ಯಾಕತ್ತೇನಿ. ನಿನ್ನಿ ನಿಮ್ಮ ಮನ್ಯಾಗ ಶಾಂತಕ್ಕಾರ ಮುಂದ ಹೇಳಿದ್ನೆಲ್ರಿ."

"ಮತ್ತ ಮೊಬೈಲ್ ಭರ್ತಿ ಅನ್ನಾಕತ್ತೈತಲ್ಲ?"

"ನೀರು ಎಷ್ಟೈತಿ ಅಂತ ಮೊಬೈಲಿಗೆ ಹೇಳೂ ತೇಲೂ ಚೆಂಡಿಗೆ ಹಗ್ಗ ಹಾಕಿ ಮ್ಯಾಲ ಕಟ್ಟೇನ್ರಿ. ನೀವು ಅಗದಿ ಅಂಜುಬುರುಕ್ರು. ಗಾಬರ್ಯಾಗಿ ಪಂಪ್ ಹಚ್ಚಿದ್ರ ನಾ ಒಳಗ ಈಸಬೇಕಾಕ್ಕಿತ್ತು."

ನಾನು ಎರಡು ಸಲ ಹಚ್ಚಲು ನೋಡಿದ್ದೆ. ಏಣಿಯನ್ನು ನಾನು ಹಿಡಿದೆನೋ, ನನ್ನನ್ನೇ ಏಣಿ ಹಿಡಿಯಿತೋ, ತಿಳಿಯದು. ದೇಶಗಳು ಪಂಡಿತರನ್ನು ಕೂಡಿಸಿ ಹೂಡುವ ತಂತ್ರವನ್ನು ಕಾಕಾ ಮೊಳ ಹಗ್ಗದಲ್ಲಿ ಹೂಡಿದ್ದರು, ಅದೂ ಶತ್ರುವಿನ ಮೇಲಲ್ಲ, ನನ್ನ ಮೇಲೆ. ಶತ್ರುವನ್ನು ಅರಿಯುವ ವಿದ್ಯೆಯ ಬಗ್ಗೆ ನಾನು ಎಷ್ಟೆಲ್ಲ ಓದಿದ್ದೆ. ಅವರು ಮಿತ್ರನನ್ನು ಅರಿತಿದ್ದರು. ಅದರಿಂದಲೇ ಬದುಕಿದರು, ನಾನೂ ಬದುಕಿದೆ.

"ನಿನ್ನೀನ ಹೇಳಿದ್ನಿ," ಮನೆಗೆ ಬಂದು ಕೇಳಿದ್ದಕ್ಕೆ ಶಾಂತಾ ಎಂದಳು. "ಪೇಪರಿನ್ಯಾಗ ಯುದ್ಧಕ್ಕ ಹೋಗಿದ್ರಿ. ಹೂಂ ಅಂದ್ರಿ."

ಸಾಸಿವೆ ಡಬ್ಬಿಯ ಚೀಟಿ ಈಗಲೂ ಅಲ್ಲೇ ಇದೆ. ಹದಿನೇಳು ಅಕ್ಷರಗಳ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: 'ಗುಂಡಿ ಒತ್ತುವ ಮೊದಲು ಕಾಕಾನನ್ನು ಕೇಳು.' ಯಾವ ದೇಶವಾದರೂ ಬಂದು ಕದಿಯಲಿ, ಆ ಸಾಲನ್ನೂ ಓದಿಕೊಳ್ಳಲಿ. ಕದಿಯಲು ಬಂದವರಿಗೂ ಕಾಕಾ ಮೊದಲು ಏಣಿ ಹಿಡಿಯಲು ಹೇಳುತ್ತಾರೆ.