ಮುದ್ದೆ ಮುರಿದರೆ ಒಪ್ಪಿಗೆ

ಕಳೆದ ಸೋಮವಾರ ಕಲ್ಯಾಣದುರ್ಗದಲ್ಲಿ ನಾನೊಂದು ಮದುವೆ ಗೊತ್ತುಮಾಡಿದೆ. ಅದೂ ಒಂದೇ ಒಂದು ಮಾತೂ ಆಡದೆ. (ಬಾಯಿ ತೆರೆದದ್ದೇನೋ ನಿಜ, ಮುದ್ದೆಗಾಗಿ.)

ಅಕ್ಕನ ಮಗ ಶಿವರುದ್ರನಿಗೆ ಹೆಣ್ಣು ನೋಡಲು ಅಕ್ಕ, ಭಾವ, ಹುಡುಗ, ನಾನು ಹಿಂದೂಪುರದಿಂದ ಹೊರಟೆವು. ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಬಂದಾಗಿನಿಂದ ಬಸ್ಸುಗಳು ಇದ್ದಿಲು ತಿನ್ನುತ್ತಿವೆಯಲ್ಲ, ನಮ್ಮದು ಅದನ್ನೂ ಅರಗಿಸಿಕೊಳ್ಳಲಾರದೆ ದಾರಿಯಲ್ಲೇ ನಿಂತಿತು. ಉಪ್ಪಿಟ್ಟಿನ ಹೊತ್ತಿಗೆ ತಲುಪಬೇಕಾದವರು ತಲುಪಿದ್ದು ಊಟದ ಹೊತ್ತು ಮೀರಿದ ಮೇಲೆ.

ನಮ್ಮ ಕಡೆಯ ರೂಲು ನಿಮಗೆ ಗೊತ್ತು. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಕಾಫಿಗೆ ಅಡ್ಡಿಯಿಲ್ಲ. ಊಟ ಕೂಡದು. ಉಂಡರೆ ಹೆಣ್ಣನ್ನು ಒಪ್ಪಿದಂತೆ. ಒಪ್ಪದವರು ಉಪ್ಪಿಟ್ಟು ಮುಗಿಸಿ, "ಯೋಚ್ನೆ ಮಾಡಿ ಹೇಳ್ತೀವಿ" ಎಂದು ಎದ್ದುಬಿಡುತ್ತಾರೆ. ಆಮೇಲೆ ಯೋಚಿಸುವುದೂ ಇಲ್ಲ, ಹೇಳುವುದೂ ಇಲ್ಲ. ಎಲ್ಲರಿಗೂ ಅಲ್ಲೇ ಅರ್ಥವಾಗಿರುತ್ತದೆ.

ಹೆಣ್ಣಿನ ಅಜ್ಜಿ ಘಾಟಿ. ಉಪ್ಪಿಟ್ಟಿನ ಸುದ್ದಿಯನ್ನೇ ಎತ್ತದೆ ಎಲೆ ಹಾಕಿಸಿ, "ಹೊತ್ತು ಮೀರೈತೆ, ತಿನಂಡಿ ನಾಯನಾ" ಎಂದು ತೆಲುಗು ಬೆರೆಸಿ ಉಣ್ಣಲು ಕರೆದಳು. ಭಾವ ಕೈತೊಳೆಯಲು ಏಳಲೇ ಇಲ್ಲ. ಅಕ್ಕ ನನ್ನತ್ತ ಕಣ್ಣುಬಿಟ್ಟಳು. ಬಿಸಿ ರಾಗಿಮುದ್ದೆ, ಅವರೆಕಾಳು ಸಾರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕೂತು ಮುದ್ದೆ ಮುರಿದೇಬಿಟ್ಟೆ.

"ಸೋದರಮಾವ ಉಂಡ ಕಣಮ್ಮ, ತುಪ್ಪ ತಾ!" ಅಜ್ಜಿ ಒಳಕ್ಕೆ ಕೂಗಿದಳು.

"ನಾವಿನ್ನೂ ಏನೂ ಹೇಳಿಲ್ವಲ್ಲಮ್ಮ" ಎಂದು ಭಾವ ತಡವರಿಸಿದರು. ಅವರಿಗೆ ಗೋರಂಟ್ಲದಲ್ಲಿ ಇನ್ನೊಂದು ಹೆಣ್ಣು ನೋಡುವ ಆಸೆಯಿತ್ತು.

"ಹೇಳೋದೇನೈತೆ? ಉಂಡ್ರಲ್ಲ!"

ಶಿವರುದ್ರನ ಮುಖ ಅರಳಿತು. (ಬಂದ ಕೂಡಲೇ ನೀರು ತಂದುಕೊಟ್ಟಿದ್ದ ಹುಡುಗಿ ಗೌರಿ ಅವನಿಗೆ ಆಗಲೇ ಹಿಡಿಸಿದ್ದಳು.) "ಒಪ್ಪಿಗೆ ಏನಮ್ಮ?" ಎಂದು ಅಜ್ಜಿ ಗೌರಿಯನ್ನು ಕೇಳಿದಳು. ಗೌರಿ ನೆಲ ನೋಡಿದಳು. "ನಾಚ್ಕೆ. ಒಪ್ಪವ್ಳೆ" ಎಂದು ಅಜ್ಜಿಯೇ ಸಾರಿದಳು.

ನನ್ನ ತುಂಬಿದ ಬಾಯಿಯೂ ಹೌದು ಅಂದಿತು, ಆ ಹುಡುಗಿಯ ಮುಚ್ಚಿದ ಬಾಯಿಯೂ ಹೌದು ಅಂದಿತು! ಅರ್ಥ ಇರುವುದು ಆಡಿದವರ ಕೈಯಲ್ಲೋ, ಕೇಳಿದವರ ಕೈಯಲ್ಲೋ? ಪಂಡಿತರು ಇನ್ನೂ ತಲೆಕೆಡಿಸಿಕೊಂಡಿದ್ದಾರಂತೆ. ಕಲ್ಯಾಣದುರ್ಗದಲ್ಲಿ ಅದು ಅಜ್ಜಿಯ ಕೈಯಲ್ಲಿದೆ.

ಬಸ್ ಹತ್ತಿ ಕೂತಾಗ ಶಿವರುದ್ರ ನನ್ನ ಕಿವಿಯ ಹತ್ತಿರ ಬಂದ. "ಮಾವ, ಅವ್ಳು ಸುಮ್ಕಿದ್ಳಲ್ಲ, ನಿಜ್ವಾಗ್ಲೂ ಒಪ್ಪವ್ಳಾ?"

"ನಂಗೇನ್ಲಾ ಗೊತ್ತು? ಅವ್ಳನ್ನೇ ಕೇಳು."

ಡ್ರೈವರ್ ಇನ್ನೂ ಇದ್ದಿಲಿಗೆ ಬೆಂಕಿ ಹಚ್ಚುತ್ತಿದ್ದ. ಹುಡುಗ ಇಳಿದು ಓಡಿಯೇಬಿಟ್ಟ. ಬಸ್ಸು ಹೊರಡುವ ಹೊತ್ತಿಗೆ ಏದುಸಿರು ಬಿಡುತ್ತಾ ವಾಪಸ್ಸು ಬಂದ. ಗೌರಿ ಹಿತ್ತಲ ಬಾವಿಯ ಹತ್ತಿರ ಸಿಕ್ಕಿದ್ದಳಂತೆ.

"ಏನಂದ್ಳು?"

"ಯೋಚ್ನೆ ಮಾಡಿ ಹೇಳ್ತೀನಿ ಅಂದ್ಳು."

ಆವತ್ತಿನಿಂದ ಮನೆಯಲ್ಲಿ ಇದೇ ಮಹಾಭಾರತ. "ಬ್ಯಾಡ ಅಂದಂಗೇ ಕಣಯ್ಯ, ಗೋರಂಟ್ಲಕ್ಕೆ ಹೋಗಣ" ಎಂದು ಭಾವ ಹುರುಪಿನಲ್ಲಿದ್ದಾರೆ. "ಒಪ್ಪವ್ಳೆ ಕಣ್ಲಾ, ಹೆಣ್ಮಕ್ಳು ಹಂಗೇ ಹೇಳೋದು" ಎನ್ನುತ್ತಾಳೆ ಅಕ್ಕ. ಹುಡುಗ ಸರಿಯಾಗಿ ಊಟ ಮಾಡುತ್ತಿಲ್ಲ. ಪಾಪ, ಆ ಹುಡುಗಿಯ ಉತ್ತರಕ್ಕೆ ಕಾಯುತ್ತಿರುವವನು ಅವನೊಬ್ಬನೇ.

ಅಲ್ಲ ಸ್ವಾಮಿ, ಯೋಚನೆ ಮಾಡಿ ಹೇಳುತ್ತೇನೆ ಎಂದವಳು ಯೋಚನೆ ಮಾಡುತ್ತಿರಲೂಬಹುದಲ್ಲವೇ?