ಬದುಕಿದ್ದವರಿಗೆ ಕೆಂಪು ಬಣ್ಣ

ಬೆಳಕು ಹರಿಯುವ ಮೊದಲೇ ಕೆ ಯಿನ್‌ಹುವಾ ಗುಡ್ಡ ಹತ್ತಿರುತ್ತಾರೆ. ಫುಜಿಯಾನ್ ಸೀಮೆಯ ಈ ಗುಡ್ಡದ ತುಂಬ ಗೋರಿಗಳೇ. ಕಲ್ಲು ತೊಳೆದು, ಹಾವಸೆ ಕೆರೆದು, ಕೆತ್ತಿದ ಚೀನೀ ಅಕ್ಷರಗಳೊಳಗೆ ಮೊದಲು ಬೆರಳಾಡಿಸುತ್ತಾರೆ, ಆಮೇಲೆ ಕುಂಚ. ತೀರಿಕೊಂಡವರ ಹೆಸರಿಗೆ ಬಂಗಾರದ ಬಣ್ಣ. ಗಂಡ-ಹೆಂಡಿರ ಹೆಸರನ್ನು ಮೊದಲೇ ಒಟ್ಟಿಗೆ ಕೆತ್ತಿಸಿದ ಜೋಡಿ ಗೋರಿಯಲ್ಲಿ ಒಬ್ಬರಿನ್ನೂ ಬದುಕಿದ್ದರೆ ಆ ಹೆಸರಿಗೆ ಕೆಂಪು. ಹಿರಿಯರನ್ನು ನೆನೆಯುವ ಚಿಂಗ್‌ಮಿಂಗ್ ಹಬ್ಬ ಬರುವುದರೊಳಗೆ, ದಿನಕ್ಕೆ ಆರರಂತೆ ನೂರಿಪ್ಪತ್ತು ಕಲ್ಲು ಮುಗಿಯಬೇಕು.

ಐವತ್ತೆಂಟರ ಯಿನ್‌ಹುವಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಂಡ ಸೊಂಟ ಮುರಿದುಕೊಂಡಾಗ ಅವರ ಕುಂಚ ಇವರ ಕೈಗೆ ಬಂತು. ಓದು ಬಾರದೆಂದು ಯಾರಿಗೂ ಹೇಳಲಿಲ್ಲ. "ನಾಚ್ಕೆ ಕಣ್ರೀ. ಹಳೇ ಬಣ್ಣದ ಗುರುತಿರ್ತಿತ್ತಲ್ಲ, ಅದರ ಮೇಲೇ ಬಳೀತಿದ್ದೆ. ಯಾರ್ ಕೇಳ್ತಾರೆ?"

ಹನ್ನೊಂದು ವರ್ಷದ ಹಿಂದೆ ಒಂದು ಜೋಡಿ ಗೋರಿಯ ಬಣ್ಣ ಪೂರ್ತಿ ಉದುರಿಹೋಗಿತ್ತು. ಗಂಡನ ಹೆಸರು ಯಾವುದು, ಹೆಂಡತಿಯದು ಯಾವುದು? ಕೇಳಿದರೆ ಗುಟ್ಟು ರಟ್ಟು. ಅಂದಾಜಿನ ಮೇಲೆ ಬಳಿದರು. ಹಬ್ಬದ ಬೆಳಿಗ್ಗೆ ನಿವೃತ್ತ ಶಿಕ್ಷಕಿ ಲಿಯಾವ್ ಸುಯುನ್ ಮನೆಮಂದಿಯೊಂದಿಗೆ ಬಂದು ನೋಡಿದರೆ, ಸತ್ತ ಗಂಡನಿಗೆ ಕೆಂಪು, ತಮಗೆ ಬಂಗಾರ!

"ಅತ್ತೇನ ಜೀವಂತ ಮಣ್ಣು ಮಾಡಿದ್ದೀಯಲ್ಲೇ! ಕಣ್ಣಿಲ್ವಾ ನಿಂಗೆ?" ಸೊಸೆ ಎಗರಿಬಿದ್ದಳು. ಬಿಸಿಲು ಕಣ್ಣಿಗೆ ಹೊಡೀತಿತ್ತು ಎಂದು ಯಿನ್‌ಹುವಾ ಸುಳ್ಳು ಹೇಳಿದರು. ಟೀಚರ್ ಮಾತ್ರ ಮೆಲ್ಲಗೆ ಕೇಳಿದರು: "ನನ್ನ ಹೆಸರು ಯಾವುದು, ತೋರಿಸು." ಬೆರಳು ಏಳಲಿಲ್ಲ. "ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು" ಎನ್ನುವಾಗ ಈಗಲೂ ಅವರು ಮುಖ ಆಚೆ ತಿರುಗಿಸುತ್ತಾರೆ.

ಮಾರನೆಯ ದಿನ ಅದೇ ಟೀಚರ್ ಕೋಲೂರಿಕೊಂಡು ಗುಡ್ಡ ಹತ್ತಿ ಬಂದರು. ಗೋರಿಕಲ್ಲುಗಳೇ ಪಾಠದ ಪುಸ್ತಕವಾದವು. "ಗೀಟು ಎಣಿಸ್ತಾ ಕೂರಬೇಡ ಕಣೇ! ಗಂಡನ್ನ ಗುರುತು ಹಿಡಿಯೋಕೆ ಮೂಗು ಅಳೀತೀಯಾ? ಪೂರ್ತಿ ಮುಖ ನೋಡು. ಅನುಮಾನ ಬಂದ್ರೆ ಎಡಗಡೆ ಏನಿದೆ ನೋಡು. ಮೂರು ಹನಿಯಂಥ ಗೀಟು ಕಂಡ್ರೆ ಅದು ನೀರಿಗೆ ಸಂಬಂಧಪಟ್ಟ ಅಕ್ಷರ."

ಈಗ ಯಿನ್‌ಹುವಾಗೆ ಒಂಬೈನೂರು ಅಕ್ಷರಗಳ ಗುರುತಿದೆ. ಪದಗಳ ನಡುವೆ ಜಾಗವನ್ನೇ ಬಿಡದ ಸಾಲಿನಲ್ಲಿ ಊರು ಎಲ್ಲಿ ಮುಗಿದು ಹೆಸರು ಎಲ್ಲಿ ಶುರುವಾಯಿತೆಂದು ಕಣ್ಣು ಹಾಯಿಸಿದೊಡನೆ ತಿಳಿಯುತ್ತದೆ. ಬರೆಯಲು ಮಾತ್ರ ಇವತ್ತಿಗೂ ಬಾರದು. "ಆ ಸೊಸೆ ಎದುರು ಸಿಕ್ರೆ ಈಗ್ಲೂ ತಲೆ ತಗ್ಗಿಸ್ತೀನಿ. ಓದೋಕೆ ಬರಲ್ಲ ಅನ್ನೋಕೆ ಒಂದು ಮಾತು ಸಾಕಿತ್ತು. ಅಷ್ಟಕ್ಕೂ ಬಾಯಿ ಬರ್ಲಿಲ್ಲ ನಂಗೆ."

ಟೀಚರಿಗೆ ಈಗ ಎಂಬತ್ತನಾಲ್ಕು; ಗುಡ್ಡ ಹತ್ತಲಾರರು. ಹಬ್ಬ ಹತ್ತಿರವಾದಾಗ ಫೋನಿನಲ್ಲಿ ಒಂದೇ ಚೇಷ್ಟೆ: "ಏನೇ, ಈ ವರ್ಷ ಇದ್ದೀನೋ, ಹೋದ್ನೋ?"

ಈ ಮುಂಜಾನೆ ಯಿನ್‌ಹುವಾ ಕೂತಿರುವುದು ಆ ಕಲ್ಲಿನ ಮುಂದೆಯೇ. ಲಿಯಾವ್ ಸುಯುನ್ ಎಂಬ ಹೆಸರನ್ನು ಗಟ್ಟಿಯಾಗಿ ಓದಿ, ಕುಂಚವನ್ನು ಕೆಂಪಿನಲ್ಲಿ ಅದ್ದುತ್ತಾರೆ.

"ಇದಕ್ಕೆ ಒಂದ್ಸಲ ಬಂಗಾರ ಹಚ್ಚಿದೀನಿ. ಇನ್ನೊಂದ್ಸಲ ಹಚ್ಚೋ ದಿನ ನನ್ನ ಕಣ್ಣಿಗೆ ಬೀಳದಿರ್ಲಿ."